ಅರಮನೆ ಮ್ಯೂಸಿಯಂ ಆದಮೇಲೆ ಅಲ್ಲಿ ನೋಡಬೇಕಾದದ್ದು ಮನೆಯನ್ನೋ, ವಸ್ತುಗಳನ್ನೋ?

ಮೊಗಸಾಲೆ

ಹೋದ ತಿಂಗಳು, ಈಗ ವಸ್ತುಸಂಗ್ರಹಾಲಯವಾಗಿರುವ ಒಂದು ಹಳೆಯ ಅರಮನೆಯನ್ನು ನೋಡಲು ಹೋಗಿದ್ದೆ. ಅದರ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ನನ್ನ ಪ್ರಶ್ನೆ ಆ ಒಂದು ಅರಮನೆಗೆ ಮಾತ್ರ ಸೇರಿದ್ದಲ್ಲ. ಎರಡೂವರೆ ಗಂಟೆ ಒಳಗಿದ್ದೆ. ಕತ್ತಿ, ಗುರಾಣಿ, ಪಿಂಗಾಣಿ, ಪಲ್ಲಕ್ಕಿ, ಬೆಳ್ಳಿಯ ಕುರ್ಚಿ, ತೈಲವರ್ಣದ ಭಾವಚಿತ್ರಗಳು, ಹೀಗೆ ಒಂದನ್ನೂ ಬಿಡದೆ ನೋಡಿದೆ. ಪ್ರತಿಯೊಂದರ ಪಕ್ಕದ ಫಲಕವನ್ನೂ ಓದಿದೆ. ಹೊರಗೆ ಬಂದು ಕುಳಿತಾಗ ಜೊತೆಗಿದ್ದ ತಮ್ಮನ ಮಗ, "ದೊಡ್ಡಪ್ಪ, ರಾಜ ಮಲಗುತ್ತಿದ್ದದ್ದು ಯಾವ ಕೋಣೆಯಲ್ಲಿ?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಊಟ ಎಲ್ಲಿ ಮಾಡುತ್ತಿದ್ದರು, ಅಡುಗೆ ಎಲ್ಲಿಂದ ಬರುತ್ತಿತ್ತು, ರಾತ್ರಿ ಅಷ್ಟು ದೀಪಗಳನ್ನು ಯಾರು ಹಚ್ಚುತ್ತಿದ್ದರು ಎಂದು ಅವನು ಕೇಳುತ್ತಲೇ ಹೋದ. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಆ ಕ್ಷಣದಲ್ಲಿ ನನಗೆ ನಿಜವಾಗಿ ಬೇಸರವಾಯಿತು. ನೂರಾರು ವರ್ಷ ಜನ ಬದುಕಿದ, ಹುಟ್ಟಿದ, ಸತ್ತ ಒಂದು ಮನೆಯೊಳಗೆ ಎರಡೂವರೆ ಗಂಟೆ ನಡೆದಾಡಿ, ಆ ಮನೆಯನ್ನೇ ನೋಡದೆ ಗಾಜಿನ ಪೆಟ್ಟಿಗೆಗಳನ್ನು ಮಾತ್ರ ನೋಡಿಕೊಂಡು ಬಂದಿದ್ದೆ. ಬಾಣದ ಗುರುತುಗಳು ತೋರಿಸಿದ ಕಡೆಗೆಲ್ಲ ನಡೆದದ್ದರಿಂದ, ಯಾವ ಕೋಣೆಯಿಂದ ಯಾವ ಕೋಣೆಗೆ ಹೋದೆನೆಂಬುದೂ ನೆನಪಿಲ್ಲ.

ಹೀಗೆ ಮ್ಯೂಸಿಯಂ ಆಗಿರುವ ಅರಮನೆಗಳನ್ನು ನೀವು ಹೇಗೆ ನೋಡುತ್ತೀರಿ? ಮೊದಲೇ ಏನನ್ನಾದರೂ ಓದಿಕೊಂಡು ಹೋಗುತ್ತೀರಾ? ಅಥವಾ ನಾನು ಕೇಳುತ್ತಿರುವುದೇ ಅತಿಯಾಯಿತೇ?

ನೇರನುಡಿ

ಮೊಗಸಾಲೆಯವರೇ, ತಾವು ಯಾವ ತಪ್ಪನ್ನೂ ಮಾಡಿಲ್ಲ. ವಸ್ತುಸಂಗ್ರಹಾಲಯಕ್ಕೆ ಹೋದವರು ವಸ್ತುಗಳನ್ನು ನೋಡಬೇಕು. ಅದಕ್ಕಾಗಿಯೇ ಆ ಸ್ಥಳವಿರುವುದು. ರಾಜನೊಬ್ಬ ಎಲ್ಲಿ ಮಲಗುತ್ತಿದ್ದನೆಂಬುದನ್ನು ತಿಳಿದು ನಮಗಾಗಬೇಕಾದದ್ದೇನು? ಪ್ಯಾರಿಸ್ಸಿನ ಲೂವ್ರ್ ಕೂಡ ಒಂದು ಕಾಲದಲ್ಲಿ ಅರಮನೆಯೇ ಆಗಿತ್ತು. ಅಲ್ಲಿಗೆ ಹೋಗುವ ಲಕ್ಷಾಂತರ ಜನರಲ್ಲಿ ಯಾರೂ ಫ್ರಾನ್ಸಿನ ದೊರೆಗಳ ಶಯನಗೃಹವನ್ನು ಹುಡುಕುವುದಿಲ್ಲ; ಮೋನಾಲಿಸಾಳನ್ನು ನೋಡುತ್ತಾರೆ, ಬರುತ್ತಾರೆ. ಒಂದು ಮನೆತನದ ಆಸ್ತಿಯಾಗಿದ್ದ ಕಲೆ ಎಲ್ಲರದ್ದೂ ಆಯಿತೆಂಬುದೇ ಇಲ್ಲಿ ದೊಡ್ಡ ಸಂಗತಿ. ಕಟ್ಟಡ ಅದಕ್ಕೊಂದು ಸೂರು ಮಾತ್ರ.

ಇತಿಹಾಸಾಸಕ್ತ

ನೇರನುಡಿಯವರು ಕೊಟ್ಟ ಉದಾಹರಣೆ ಅವರ ವಾದಕ್ಕೇ ವಿರುದ್ಧವಾಗಿದೆ ಎಂದು ನನಗನಿಸುತ್ತದೆ. ಲೂವ್ರ್‌ನ ನೆಲಮಾಳಿಗೆಗೆ ಇಳಿದರೆ, 1190ರ ಸುಮಾರಿಗೆ ದೊರೆ ಎರಡನೆಯ ಫಿಲಿಪ್ ಕಟ್ಟಿಸತೊಡಗಿದ ಕೋಟೆಯ ಬುಡದ ಗೋಡೆಗಳು ಮತ್ತು ಕಂದಕ ಇಂದಿಗೂ ಕಾಣಸಿಗುತ್ತವೆ. ಮೇಲಿನ ಸಭಾಂಗಣಗಳಲ್ಲಿ ಇಡೀ ದಿನ ಕಳೆದರೂ ತಿಳಿಯದ ಒಂದು ವಿಷಯ ಅಲ್ಲಿ ಹತ್ತು ನಿಮಿಷದಲ್ಲಿ ತಿಳಿಯುತ್ತದೆ: ಶತ್ರುವಿಗೆ ಹೆದರಿ ಕಟ್ಟಿದ ಕೋಟೆ ಅರಮನೆಯಾಯಿತು, ಹದಿನಾಲ್ಕನೆಯ ಲೂಯಿ 1682ರಲ್ಲಿ ತನ್ನ ಆಸ್ಥಾನವನ್ನು ವರ್ಸೇಲ್ಸ್‌ಗೆ ಒಯ್ದಮೇಲೆ ರಾಜರಿಲ್ಲದ ಮನೆಯಾಯಿತು, ಕ್ರಾಂತಿಯ ಕಾಲದಲ್ಲಿ, ಅಂದರೆ 1793ರ ಆಗಸ್ಟ್ 10ರಂದು, ಸಾರ್ವಜನಿಕರ ಮ್ಯೂಸಿಯಂ ಆಗಿ ತೆರೆಯಿತು. ದೊರೆತನ ಬಿದ್ದ ದಿನಕ್ಕೆ ಸರಿಯಾಗಿ ಒಂದು ವರ್ಷ ತುಂಬಿದ ದಿನವನ್ನೇ ಅದಕ್ಕೆ ಆರಿಸಿಕೊಂಡರು. ತಾವೇ ಹೇಳಿದ "ಎಲ್ಲರದ್ದೂ ಆಯಿತು" ಎಂಬ ದೊಡ್ಡ ಸಂಗತಿ ಅರ್ಥವಾಗಬೇಕಾದರೆ, ಅದು ಮೊದಲು ಯಾರ ಮನೆಯಾಗಿತ್ತೆಂಬುದು ನೋಡುವವನ ಮನಸ್ಸಿನಲ್ಲಿರಬೇಕಲ್ಲವೇ?

ದಾರಂದ

ಮೊಗಸಾಲೆಯವರ ಪ್ರಶ್ನೆಗೆ ನೇರವಾಗಿ ಉತ್ತರಿಸುತ್ತೇನೆ. ನಾನು ಅರಮನೆಗಳಲ್ಲಿ ಬಾಗಿಲುಗಳನ್ನು ನೋಡುತ್ತೇನೆ. ಬಹಳ ವರ್ಷಗಳಿಂದ ಇದೇ ನನ್ನ ಅಭ್ಯಾಸ, ಮತ್ತು ಇದು ಒಮ್ಮೆಯೂ ನನ್ನನ್ನು ಬರಿಗೈಯಲ್ಲಿ ಕಳುಹಿಸಿಲ್ಲ.

ಅರಮನೆ ಎಂದರೆ ಯಾರು ಎಲ್ಲಿಯವರೆಗೆ ಬರಬಹುದೆಂಬುದನ್ನು ಕಲ್ಲು ಮರಗಳಲ್ಲಿ ಬರೆದಿಟ್ಟ ಕಟ್ಟಳೆ. ಇಸ್ತಾಂಬುಲ್‌ನ ತೋಪ್‌ಕಪಿ ಅರಮನೆಯಲ್ಲಿ ಒಂದರ ಹಿಂದೆ ಒಂದರಂತೆ ನಾಲ್ಕು ಅಂಗಳಗಳಿವೆ. ಮೊದಲನೆಯದಕ್ಕೆ ಸಾಮಾನ್ಯ ಜನರಿಗೂ ಪ್ರವೇಶವಿತ್ತು. ಎರಡನೆಯ ಹೆಬ್ಬಾಗಿಲನ್ನು ಕುದುರೆಯ ಮೇಲೆ ಕುಳಿತು ದಾಟುವ ಅಧಿಕಾರ ಸುಲ್ತಾನನಿಗೆ ಮಾತ್ರ. ಮಿಕ್ಕವರು, ಎಷ್ಟೇ ದೊಡ್ಡ ಮಂತ್ರಿಯಾಗಿದ್ದರೂ, ಅಲ್ಲಿ ಇಳಿದು ನಡೆಯಬೇಕಿತ್ತು. ಮೂರನೆಯದನ್ನು ದಾಟಿದರೆ ಸುಲ್ತಾನನ ಖಾಸಗಿ ಬದುಕು. ಬೀಜಿಂಗ್‌ನ ನಿಷಿದ್ಧ ನಗರವೆಂಬ ಅರಮನೆಯ ದಕ್ಷಿಣದ ಮಹಾದ್ವಾರದಲ್ಲಿ ನಡುವಿನ ಕಮಾನು ಚಕ್ರವರ್ತಿಗೆ ಮೀಸಲು. ಮಹಾರಾಣಿಗೆ ಅದರೊಳಗಿಂದ ಬರುವ ಅವಕಾಶವಿದ್ದದ್ದು ಮದುವೆಯ ದಿನ ಮಾತ್ರ. ಅಧಿಕಾರಿಗಳ ಆಯ್ಕೆಗೆ ಅರಮನೆಯಲ್ಲಿ ನಡೆಯುತ್ತಿದ್ದ ಪರೀಕ್ಷೆಯಲ್ಲಿ ಮೊದಲ ಮೂರು ಸ್ಥಾನ ಪಡೆದ ವಿದ್ವಾಂಸರಿಗೆ ಅದರ ಮೂಲಕ ಒಮ್ಮೆ ಹೊರಗೆ ಹೋಗುವ ಗೌರವ ಸಿಗುತ್ತಿತ್ತು. ಇಂದು ನಾವು ಟಿಕೆಟ್ ಹಿಡಿದು ಇಂಥ ಬಾಗಿಲುಗಳನ್ನು ಲೆಕ್ಕಕ್ಕೇ ಇಡದೆ ದಾಟಿಬಿಡುತ್ತೇವೆ. ಪ್ರತಿ ಬಾಗಿಲಿನಲ್ಲಿಯೂ ಒಂದು ಕ್ಷಣ ನಿಂತು, "ಆ ಕಾಲದಲ್ಲಿ ಹುಟ್ಟಿದ್ದರೆ ನನ್ನನ್ನು ಇಲ್ಲಿಂದ ಮುಂದಕ್ಕೆ ಬಿಡುತ್ತಿದ್ದರೇ?" ಎಂದು ಕೇಳಿಕೊಳ್ಳಿ. ಆಮೇಲೆ ಇಡೀ ಕಟ್ಟಡ ಮಾತನಾಡತೊಡಗುತ್ತದೆ.

ಇನ್ನೊಂದು ಸಣ್ಣ ವಿಷಯ. ಅಗುಳಿ ಬಾಗಿಲಿನ ಯಾವ ಬದಿಯಲ್ಲಿದೆ ಎಂದು ನೋಡಿ. ಒಳಗಿದ್ದವರು ತಮ್ಮ ರಕ್ಷಣೆಗಾಗಿ ಹಾಕಿಕೊಳ್ಳುತ್ತಿದ್ದರೋ, ಹೊರಗಿದ್ದವರು ಅವರನ್ನು ಒಳಗಿಟ್ಟು ಹಾಕುತ್ತಿದ್ದರೋ ಎಂಬುದು ಅದರಿಂದ ತಿಳಿಯುತ್ತದೆ.

ಅಂಗಳದ ಗುಬ್ಬಿ

ಅಗುಳಿಯ ಮಾತನ್ನು ಓದಿ, ನಾನು ಇದುವರೆಗೆ ನೋಡಿದ ಅರಮನೆಗಳನ್ನೆಲ್ಲ ಮತ್ತೊಮ್ಮೆ ನೋಡಬೇಕೆನಿಸುತ್ತಿದೆ.

ಪಯಣಪ್ರಿಯ

ವಸ್ತುಗಳಿಲ್ಲದಿದ್ದರೆ ಅರಮನೆಯಲ್ಲಿ ನೋಡುವುದಕ್ಕೇನಿದೆ ಎಂದು ನಾನೂ ಕೇಳುತ್ತೇನೆ. ವರ್ಸೇಲ್ಸ್ ಕ್ರಾಂತಿಯಲ್ಲಿ ಸುಟ್ಟುಹೋಗಿ, ಆಮೇಲೆ ಹೊಸದಾಗಿ ಸಾಮಾನುಗಳನ್ನು ತಂದು ತುಂಬಿದ್ದರಿಂದಲೇ ಇಂದು ಜನ ಅಲ್ಲಿಗೆ ಹೋಗುತ್ತಿದ್ದಾರೆ.

ಹಳೆಗನ್ನಡಿ

ಪಯಣಪ್ರಿಯರೇ, ಒಂದು ತಿದ್ದುಪಡಿ. ವರ್ಸೇಲ್ಸ್ ಸುಡಲಿಲ್ಲ. ಸುಟ್ಟದ್ದು ಪ್ಯಾರಿಸ್ಸಿನಲ್ಲಿ ಲೂವ್ರ್‌ಗೆ ಅಂಟಿಕೊಂಡಿದ್ದ ತ್ವೀಲರಿ ಅರಮನೆ, ಅದೂ 1871ರಲ್ಲಿ, ಪ್ಯಾರಿಸ್ ಕಮ್ಯೂನ್ ಎಂಬ ಬಂಡಾಯದ ಸರ್ಕಾರದ ಕೊನೆಯ ದಿನಗಳಲ್ಲಿ; ಅದರ ಅವಶೇಷಗಳನ್ನು 1883ರಲ್ಲಿ ಕೆಡವಿದರು. ವರ್ಸೇಲ್ಸ್ ಕಥೆ ಬೇರೆ. ರಾಜಕುಟುಂಬ 1789ರ ಅಕ್ಟೋಬರ್ 6ರಂದು ಅಲ್ಲಿಂದ ಹೊರಟದ್ದು ಮತ್ತೆ ಹಿಂದಿರುಗಲಿಲ್ಲ. 1793-94ರಲ್ಲಿ ಪೀಠೋಪಕರಣಗಳು ತಿಂಗಳುಗಟ್ಟಲೆ ಹರಾಜಾಗಿ ಯುರೋಪಿನ ತುಂಬ ಚದುರಿಹೋದವು. ಗೋಡೆಗಳು ಉಳಿದವು, ಮನೆ ಬರಿದಾಯಿತು.

ಅದನ್ನು 1837ರಲ್ಲಿ ಮ್ಯೂಸಿಯಂ ಮಾಡಿದ ದೊರೆ ಲೂಯಿ ಫಿಲಿಪ್, ಫ್ರಾನ್ಸಿನ ಯುದ್ಧಗಳ ದೊಡ್ಡ ದೊಡ್ಡ ಚಿತ್ರಗಳಿಗೆ ಜಾಗ ಮಾಡಲು ರಾಜಕುಮಾರರ ವಸತಿಕೋಣೆಗಳ ಗೋಡೆಗಳನ್ನೇ ಒಡೆಸಿದ. ಅರಮನೆಯನ್ನು ಉಳಿಸಿದವನೂ ಅವನೇ, ಅದರ ಒಂದು ಭಾಗವನ್ನು ಅಳಿಸಿದವನೂ ಅವನೇ. ಇಂದು ಅಲ್ಲಿ ಕಾಣುವ ಸಾಮಾನುಗಳಲ್ಲಿ ಕೆಲವು ಮೂಲದವು, ಹುಡುಕಿ ಮರಳಿ ತಂದವು. ಕೆಲವು ಅದೇ ಕಾಲದ, ಬೇರೆ ಕಡೆಯ ವಸ್ತುಗಳು. ಕೆಲವು ಹೊಸದಾಗಿ ನೇಯಿಸಿದ ಬಟ್ಟೆಗಳು. ಫಲಕವನ್ನು ಗಮನವಿಟ್ಟು ಓದಿದರೆ ಈ ವ್ಯತ್ಯಾಸ ಗೊತ್ತಾಗುತ್ತದೆ, ಆದರೆ ಕನ್ನಡಿಗಳ ಸಭಾಂಗಣದ ಕಡೆಗೆ ಓಡುವ ಗುಂಪಿನ ನಡುವೆ ಫಲಕ ಓದುವಷ್ಟು ಹೊತ್ತು ನಿಲ್ಲಲು ಗಟ್ಟಿ ಮನಸ್ಸು ಬೇಕು. ಹದಿನೇಳು ಕಿಟಕಿಗಳಿಗೆ ಎದುರಾಗಿ 357 ಕನ್ನಡಿಗಳನ್ನು ಜೋಡಿಸಿದ ಆ ಸಭಾಂಗಣವೊಂದೇ ಪೂರ್ಣ ಗಮನ ಬೇಡುತ್ತದೆ. 1871ರ ಜನವರಿಯಲ್ಲಿ ಜರ್ಮನ್ ಸಾಮ್ರಾಜ್ಯವನ್ನು ಘೋಷಿಸಿದ್ದೂ ಅಲ್ಲಿಯೇ, 1919ರ ಜೂನ್‌ನಲ್ಲಿ ಸೋತ ಜರ್ಮನಿಯಿಂದ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡದ್ದೂ ಅಲ್ಲಿಯೇ.

ನೇರನುಡಿ

ಹಳೆಗನ್ನಡಿಯವರ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಅದರಿಂದ ನನ್ನ ಸಂದೇಹ ಇನ್ನೂ ಬಲವಾಯಿತು. ಮೂಲ ಸಾಮಾನುಗಳು ಹೋದಮೇಲೆ ಅದೇ ಕಾಲದ ಬೇರೆ ಮಂಚವನ್ನು ತಂದಿಟ್ಟು "ಇದು ದೊರೆಯ ಶಯನಗೃಹ" ಎನ್ನುವುದು ನಾಟಕದ ರಂಗಸಜ್ಜಿಕೆಯಂತಾಗುವುದಿಲ್ಲವೇ? ಅದಕ್ಕಿಂತ ಗಾಜಿನ ಪೆಟ್ಟಿಗೆಯಲ್ಲಿಟ್ಟ ಒಂದು ನಿಜವಾದ ಕತ್ತಿ ಹೆಚ್ಚು ಪ್ರಾಮಾಣಿಕ. ಕೋಣೆಯನ್ನು ಬರಿದಾಗಿಯೇ ಬಿಡಲಿ, ಇಲ್ಲವೇ ಅದನ್ನು ಒಪ್ಪವಾದ ಪ್ರದರ್ಶನಾಲಯವನ್ನಾಗಿ ಮಾಡಲಿ.

ನಿಧಾನಯಾತ್ರಿ

ಬರಿದಾಗಿ ಬಿಡುವ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ರಷ್ಯದ ಚಳಿಗಾಲದ ಅರಮನೆ ಇಂದು ಹರ್ಮಿಟಾಜ್ ಮ್ಯೂಸಿಯಂನ ಭಾಗವಾಗಿದೆ. 1941ರಲ್ಲಿ ಜರ್ಮನ್ ಸೇನೆ ಆ ಅರಮನೆಯಿರುವ ಲೆನಿನ್‌ಗ್ರಾಡ್ (ಇಂದಿನ ಸೇಂಟ್ ಪೀಟರ್ಸ್‌ಬರ್ಗ್) ಕಡೆಗೆ ಬರುತ್ತಿದ್ದಾಗ ಅಲ್ಲಿನ ಸಿಬ್ಬಂದಿ ಹಗಲಿರುಳು ಕೆಲಸ ಮಾಡಿ ಹತ್ತು ಲಕ್ಷಕ್ಕೂ ಹೆಚ್ಚು ಕಲಾವಸ್ತುಗಳನ್ನು ಎರಡು ರೈಲುಗಳಲ್ಲಿ ಯುರಾಲ್ ಪ್ರದೇಶಕ್ಕೆ ಸಾಗಿಸಿದರು. ಕ್ಯಾನ್ವಾಸುಗಳನ್ನು ಬಿಡಿಸಿಕೊಂಡು ಚೌಕಟ್ಟುಗಳನ್ನು ಗೋಡೆಯ ಮೇಲೆಯೇ ಬಿಟ್ಟರು, ಚಿತ್ರಗಳು ಮರಳಿ ಬಂದಾಗ ತಮ್ಮ ಸ್ಥಾನವನ್ನೇ ಸೇರಲಿ ಎಂದು. ಮುತ್ತಿಗೆಯ ಆ ಹಸಿವಿನ ದಿನಗಳಲ್ಲಿ, ಸ್ವಚ್ಛಗೊಳಿಸಲು ನೆರವಾದ ಸೈನಿಕರಿಗೆ ಕೃತಜ್ಞತೆಯಾಗಿ ಮಾರ್ಗದರ್ಶಕರೊಬ್ಬರು ಆ ಖಾಲಿ ಚೌಕಟ್ಟುಗಳ ಮುಂದೆ ನಿಂತು, ಅಲ್ಲಿರಬೇಕಾಗಿದ್ದ ಚಿತ್ರಗಳನ್ನು ಒಂದೊಂದಾಗಿ ಬಣ್ಣಿಸಿ ತೋರಿಸಿದರು.

ಬರಿದಾದ ಕೋಣೆಯ ಮುಂದೆ ಅಂಥ ಒಬ್ಬ ವ್ಯಕ್ತಿ ನಿಂತಿದ್ದರೆ ಅದು ಬರಿದಲ್ಲ. ಹಾಗೆ ಹೇಳುವವರು ಇಲ್ಲದಿದ್ದರೆ, ಸಾಮಾನು ತುಂಬಿದ್ದರೂ ಬರಿದೇ. ನೇರನುಡಿಯವರು ಮಂಚ ನಿಜವೋ ಅಲ್ಲವೋ ಎಂದು ಕೇಳುತ್ತಿದ್ದಾರೆ. ಆ ಕೋಣೆಯ ಬಗ್ಗೆ ಹೇಳುವವರಿಗೆ ಅದರ ಸಂಗತಿ ಗೊತ್ತಿದೆಯೇ ಎಂದು ನಾನು ಕೇಳುತ್ತೇನೆ.

ಕಡಲಾಚೆ

ಇದೇ ವಿಷಯಕ್ಕೆ ನನ್ನದೊಂದು ಅನುಭವ. ಹವಾಯಿಯ ಹೊನೊಲುಲುವಿನಲ್ಲಿ ಇಯೊಲಾನಿ ಎಂಬ ಅರಮನೆಯಿದೆ. ಕಟ್ಟಿ ಮುಗಿದದ್ದು 1882ರಲ್ಲಿ. ರಾಣಿ ಲಿಲಿಯೊಕಲಾನಿಯನ್ನು ಸಿಂಹಾಸನದಿಂದ ಇಳಿಸಿದ್ದು 1893ರಲ್ಲಿ. ಎರಡು ವರ್ಷಗಳ ನಂತರ ಅವಳ ಸ್ವಂತ ದರ್ಬಾರು ಸಭಾಂಗಣದಲ್ಲಿಯೇ ಅವಳ ವಿಚಾರಣೆ ನಡೆಸಿ, ಮೇಲಂತಸ್ತಿನ ಒಂದು ಕೋಣೆಯಲ್ಲಿ ಸುಮಾರು ಎಂಟು ತಿಂಗಳು ಸೆರೆಯಲ್ಲಿಟ್ಟರು. ಆ ದಿನಗಳಲ್ಲಿ ಅವಳು ಬಟ್ಟೆಯ ಚೂರುಗಳನ್ನು ಜೋಡಿಸಿ ಹೊಲಿದ ಕೌದಿಯನ್ನು ಅದೇ ಕೋಣೆಯಲ್ಲಿ ಪ್ರದರ್ಶಿಸಿದ್ದಾರೆ. ಆ ಕೋಣೆಯಲ್ಲಿ ಹೆಚ್ಚೇನೂ ಇಲ್ಲ. ನಾನು ನೋಡಿದ ಎಲ್ಲ ಅರಮನೆಗಳ ಎಲ್ಲ ಸಿಂಹಾಸನಗಳಿಗಿಂತ ಆ ಕೌದಿಯೇ ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿದಿದೆ.

ಆ ಅರಮನೆಯ ಸಾಮಾನುಗಳನ್ನೂ ಹರಾಜು ಹಾಕಿದ್ದರು. ಕಟ್ಟಡ 1969ರವರೆಗೆ ಆಡಳಿತ ಕಚೇರಿಯಾಗಿ ದುಡಿದು, 1978ರಲ್ಲಿ ಮ್ಯೂಸಿಯಂ ಆಗಿ ತೆರೆದಮೇಲೂ ಚದುರಿಹೋದ ಒಂದೊಂದು ಕುರ್ಚಿಯನ್ನೂ ಹುಡುಕಿ ತರುತ್ತಿದ್ದಾರೆ. ಇದನ್ನು ರಂಗಸಜ್ಜಿಕೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನೇರನುಡಿ

ಕಡಲಾಚೆಯವರೇ, ಆ ಕೌದಿ ನಿಜವಾದದ್ದು, ಅದು ಹುಟ್ಟಿದ ಕೋಣೆಯಲ್ಲಿಯೇ ಇದೆ. ಅಂಥದ್ದರ ಮುಂದೆ ನಾನು ವಾದಿಸುವುದಿಲ್ಲ. ನನ್ನ ಆಕ್ಷೇಪ ಸುಳ್ಳು ಸಜ್ಜಿಕೆಗೆ ಮಾತ್ರ.

ಸೌದೆ ಒಲೆ

ಮೊಗಸಾಲೆಯವರ ತಮ್ಮನ ಮಗ ಕೇಳಿದ ಪ್ರಶ್ನೆಗಳೇ ಸರಿಯಾದ ಪ್ರಶ್ನೆಗಳು, ಅವನನ್ನು ಇನ್ನಷ್ಟು ಅರಮನೆಗಳಿಗೆ ಕರೆದೊಯ್ಯಿರಿ. ವಿಯೆನ್ನಾದ ಶ್ಯೋನ್‌ಬ್ರುನ್ ಅರಮನೆಯ ಕೋಣೆಗಳಲ್ಲಿ ಬಿಳಿ ಬಣ್ಣದ ಎತ್ತರವಾದ ಪಿಂಗಾಣಿ ಒಲೆಗಳಿವೆ. ಅವುಗಳ ಮುಂಭಾಗದಲ್ಲಿ ಸೌದೆ ಹಾಕುವ ಬಾಯಿಯೇ ಕಾಣುವುದಿಲ್ಲ. ಕೋಣೆಯಲ್ಲಿ ಹೊಗೆ ಬೂದಿಯಾಗಬಾರದು, ಊಳಿಗದವರು ಒಡೆಯರ ಕಣ್ಣಿಗೆ ಬೀಳಬಾರದು ಎಂದು ಗೋಡೆಯ ಹಿಂದೆ ಇಕ್ಕಟ್ಟಾದ ಓಣಿಗಳನ್ನು ಕಟ್ಟಿ, ಅಲ್ಲಿಂದಲೇ ಒಲೆಗೆ ಸೌದೆ ತುಂಬಿಸುತ್ತಿದ್ದರು. ಇದು ತಿಳಿದ ಮೇಲೆ ಆ ಚಿನ್ನದ ಬಣ್ಣದ ಗೋಡೆಗಳನ್ನು ನೋಡುವ ನನ್ನ ಕಣ್ಣೇ ಬದಲಾಯಿತು: ಅಲಂಕಾರದ ಹಿಂದೆ, ಅಂಗೈ ಅಗಲದ ದೂರದಲ್ಲಿ, ಮಸಿ ಹಿಡಿದ ಕೈಗಳು ಕೆಲಸ ಮಾಡುತ್ತಿದ್ದವು.

ಅಡುಗೆಮನೆಗಳನ್ನೂ ಬಿಡಬಾರದು. ಇಂಗ್ಲೆಂಡಿನ ಹ್ಯಾಂಪ್ಟನ್ ಕೋರ್ಟ್‌ನಲ್ಲಿ ಎಂಟನೆಯ ಹೆನ್ರಿಯ ಕಾಲದ ಅಡುಗೆಮನೆಗಳನ್ನು ಇಂದಿಗೂ ನಡೆದು ನೋಡಬಹುದು. ದಿನಕ್ಕೆ ಎರಡು ಹೊತ್ತು ನೂರಾರು ಜನ ಆಸ್ಥಾನದವರಿಗೆ ಅಲ್ಲಿ ಬೇಯಿಸುತ್ತಿದ್ದರು. ತೋಪ್‌ಕಪಿಯ ಅಡುಗೆಮನೆಗಳು 1574ರ ಬೆಂಕಿಯಲ್ಲಿ ಹಾಳಾದಮೇಲೆ ಅವನ್ನು ಮತ್ತೆ ಕಟ್ಟಿದವನು ಮಹಾನ್ ವಾಸ್ತುಶಿಲ್ಪಿ ಸಿನಾನ್. ಸಾಲಾಗಿ ನಿಂತ ಆ ಗುಮ್ಮಟಗಳನ್ನೂ ಹೊಗೆಗೂಡುಗಳನ್ನೂ ದೂರದಿಂದಲೇ ಗುರುತಿಸಬಹುದು.

ಇತಿಹಾಸಾಸಕ್ತ

ಸೌದೆ ಒಲೆಯವರ ಮಾತಿಗೆ ಸೇರಿಸುತ್ತೇನೆ: ತೋಪ್‌ಕಪಿಯ ಅಡುಗೆಮನೆಗಳಲ್ಲಿ ಈಗ ಇರುವುದು ಪಿಂಗಾಣಿಯ ಸಂಗ್ರಹ, ಚೀನಾದ್ದೇ 10,000ಕ್ಕೂ ಹೆಚ್ಚು. ವಸ್ತು ಮತ್ತು ಕೋಣೆ ಒಂದಕ್ಕೊಂದು ಹೊಂದಿಕೊಂಡ ಅಪರೂಪದ ಕಡೆ ಅದು, ಏಕೆಂದರೆ ಆ ತಟ್ಟೆಗಳಲ್ಲಿ ಬಹಳಷ್ಟು ಅರಮನೆಯ ಊಟಕ್ಕೇ ಬಳಕೆಯಾಗುತ್ತಿದ್ದವು.

ಅಂಗಳದ ಗುಬ್ಬಿ

ಹಸಿರು ಬಣ್ಣದ ಚೀನೀ ಪಿಂಗಾಣಿಯಲ್ಲಿ ವಿಷದ ಆಹಾರ ಇಟ್ಟರೆ ಅದರ ಬಣ್ಣ ಬದಲಾಗುತ್ತಿತ್ತೆಂದು ಮಾರ್ಗದರ್ಶಕರು ಹೇಳುತ್ತಾರಲ್ಲ, ಅದು ನಿಜವೇ?

ಹಳೆಗನ್ನಡಿ

ಅದು ನಂಬಿಕೆ ಮಾತ್ರ, ಪಿಂಗಾಣಿಯ ಮೆರುಗಿಗೆ ಅಂಥ ಗುಣವಿಲ್ಲ. ಆದರೆ ಅಂಥ ನಂಬಿಕೆ ಹುಟ್ಟಿತೆಂಬುದೇ ಆ ಊಟದ ಮನೆಯಲ್ಲಿದ್ದ ಭಯದ ಬಗ್ಗೆ ಒಂದು ಮಾತು ಹೇಳುತ್ತದೆ. ನಿಷಿದ್ಧ ನಗರದಲ್ಲಿ 9,999 ಮತ್ತು ಅರ್ಧ ಕೋಣೆಗಳಿವೆ, ಸ್ವರ್ಗದ ಅರಮನೆಯ ಹತ್ತು ಸಾವಿರಕ್ಕಿಂತ ಸ್ವಲ್ಪ ಕಡಿಮೆ, ಎಂಬುದೂ ಇಂಥದ್ದೇ ಕಥೆ. ಎಣಿಸಿದವರಿಗೆ ಸಿಕ್ಕದ್ದು ಅದಕ್ಕಿಂತ ಕಡಿಮೆ. ಇಂಥ ಕಥೆಗಳನ್ನು ಹೇಳುವುದು ತಪ್ಪಲ್ಲ, ಕಥೆ ಎಂದು ಹೇಳದೆ ಇತಿಹಾಸವೆಂದು ಹೇಳುವುದು ತಪ್ಪು. ಮಾರ್ಗದರ್ಶಕರನ್ನು "ಇದು ಎಲ್ಲಿ ದಾಖಲಾಗಿದೆ?" ಎಂದು ವಿನಯದಿಂದ ಕೇಳಿ ನೋಡಿ. ಒಳ್ಳೆಯವರು ಆ ಪ್ರಶ್ನೆಗೆ ಸಂತೋಷಪಡುತ್ತಾರೆ.

ತಾಯಿಯ ಮಗಳು

ನಾನು ಬೇರೆ ಒಂದು ವಿಷಯವನ್ನು ಎತ್ತುತ್ತೇನೆ, ದಯವಿಟ್ಟು ಇದನ್ನು ವಿಷಯಾಂತರವೆಂದು ಭಾವಿಸಬೇಡಿ. ನನ್ನ ತಾಯಿ ಗಾಲಿಕುರ್ಚಿಯಲ್ಲಿ ಓಡಾಡುತ್ತಾರೆ. ದಾರಂದ ಅವರು ಬಾಗಿಲುಗಳ ಬಗ್ಗೆ ಬರೆದದ್ದನ್ನು ಓದಿದಾಗ ನನಗೆ ತಕ್ಷಣ ಹೊಸ್ತಿಲುಗಳು ನೆನಪಾದವು. ಅರಮನೆಯ ಹೊಸ್ತಿಲುಗಳೂ ಮೆಟ್ಟಿಲುಗಳೂ ಬರುವವರನ್ನು ನಿಧಾನಗೊಳಿಸಲು, ಬಾಗಿಸಲು ಕಟ್ಟಿದವು. ನಾವು ಹೋದ ಒಂದು ಕಡೆ ಅಮ್ಮ ಕೆಳಗಿನ ಅಂಗಳದಲ್ಲಿಯೇ ಒಂದೂವರೆ ಗಂಟೆ ಕುಳಿತಿರಬೇಕಾಯಿತು. ನಾನು ಮೇಲೆ ಹೋಗಿ ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬಂದು ತೋರಿಸಿದೆ. ಅವರು ಬೇಸರಪಟ್ಟುಕೊಳ್ಳಲಿಲ್ಲ, ನನಗೆ ಮಾತ್ರ ಇಂದಿಗೂ ಬೇಸರವಿದೆ.

ಪರಂಪರೆಯ ಕಟ್ಟಡದಲ್ಲಿ ಏನನ್ನೂ ಬದಲಾಯಿಸಬಾರದು ಎಂಬ ಉತ್ತರ ಯಾವಾಗಲೂ ಸಿದ್ಧವಿರುತ್ತದೆ. ಚೀನಾದ ಕೊನೆಯ ಚಕ್ರವರ್ತಿ ಪುಯಿ, ಇನ್ನೂ ಹುಡುಗನಾಗಿದ್ದಾಗ, ಸೈಕಲ್ ಓಡಿಸಲು ಅಡ್ಡಿಯಾಗುತ್ತದೆಂದು ನಿಷಿದ್ಧ ನಗರದ ಹೊಸ್ತಿಲುಗಳನ್ನೇ ಕೊಯ್ಯಿಸಿದ. ಒಬ್ಬ ಹುಡುಗನ ಸೈಕಲ್ಲಿಗಾಗಿ ಆದದ್ದು, ಎಲ್ಲರದ್ದೂ ಆದಮೇಲೆ ಒಂದು ತೆಗೆದಿಡಬಹುದಾದ ಇಳಿಜಾರು ಹಲಗೆಯ ರೂಪದಲ್ಲಾದರೂ ಆಗಬಾರದೇ?

ಸಂರಕ್ಷಣೆಯ ಕೆಲಸದವಳು

ತಾಯಿಯ ಮಗಳು ಅವರೇ, ತಾವು ಹೇಳಿದ್ದು ಪೂರ್ತಿ ಸರಿ, ಇಳಿಜಾರು ಹಲಗೆಯಿಂದ ಯಾವ ಕಟ್ಟಡಕ್ಕೂ ಹಾನಿಯಿಲ್ಲ. ಮೇಲಂತಸ್ತಿಗೆ ಲಿಫ್ಟ್ ಕಷ್ಟವಾದಲ್ಲಿ, ಮೇಲಿನ ಕೋಣೆಗಳ ಚಿತ್ರ ಮತ್ತು ಮಾದರಿಗಳನ್ನು ಕೆಳಗೆ ಇಡುವುದು ಸಂಸ್ಥೆಯ ಕರ್ತವ್ಯ, ಮಗಳ ಫೋನಿನ ಕೆಲಸವಲ್ಲ.

ನಾನು ಹಳೆಯ ಬಟ್ಟೆ ಮತ್ತು ಕಾಗದಗಳನ್ನು ಉಳಿಸುವ ಕೆಲಸ ಮಾಡುತ್ತೇನೆ, ಆದ್ದರಿಂದ ನೋಡುಗರು ಮೇಲಿಂದ ಮೇಲೆ ದೂರುವ ಎರಡು ಸಂಗತಿಗಳ ಬಗ್ಗೆ ಹೇಳಬಯಸುತ್ತೇನೆ. ಮೊದಲನೆಯದು ಕತ್ತಲೆ. "ಅರಮನೆಯ ಕೋಣೆಗಳಲ್ಲಿ ಪರದೆ ಎಳೆದು ಮಂಕಾಗಿಟ್ಟಿರುತ್ತಾರೆ, ಏನೂ ಕಾಣುವುದಿಲ್ಲ" ಎನ್ನುತ್ತಾರೆ. ರೇಷ್ಮೆ, ಜಲವರ್ಣ, ಹಸ್ತಪ್ರತಿಗಳಿಗೆ ನಾವು ಸಾಮಾನ್ಯವಾಗಿ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕನ್ನು ಮಿತಿಯಾಗಿ ಇಟ್ಟುಕೊಳ್ಳುತ್ತೇವೆ, ತೈಲವರ್ಣಕ್ಕೆ 200ರಷ್ಟು. ಹೊರಗಿನ ಬಿಸಿಲು ಹತ್ತಾರು ಸಾವಿರ ಲಕ್ಸ್ ಇರುತ್ತದೆ. ಬೆಳಕಿನಿಂದಾಗುವ ಹಾನಿ ಕೂಡುತ್ತಾ ಹೋಗುತ್ತದೆ, ಮಾಸಿದ ಬಣ್ಣ ಯಾವ ಚಿಕಿತ್ಸೆಯಿಂದಲೂ ಮರಳುವುದಿಲ್ಲ. ಕೋಣೆಯೊಳಗೆ ಬಂದು ಎರಡು ಮೂರು ನಿಮಿಷ ಸುಮ್ಮನೆ ನಿಲ್ಲಿ. ಕಣ್ಣು ಹೊಂದಿಕೊಂಡಮೇಲೆ ಆ ಮಂಕು ಬೆಳಕಿನಲ್ಲಿಯೇ ಜರಿಯ ಎಳೆ ಹೊಳೆಯುವುದು ಕಾಣುತ್ತದೆ. ದೀಪದ ಬೆಳಕಿನಲ್ಲಿ ಮೆರೆಯಲೆಂದೇ ಅವನ್ನು ನೇಯ್ದದ್ದು.

ಎರಡನೆಯದು ಹಗ್ಗ ಕಟ್ಟಿದ ದಾರಿ. ನಮ್ಮ ಬಟ್ಟೆಗಳಿಂದ ನೂಲಿನ ಧೂಳು ಸದಾ ಉದುರುತ್ತಿರುತ್ತದೆ, ಉಸಿರಿನಿಂದ ತೇವಾಂಶ ಏರುತ್ತದೆ. ಜನ ನಡೆಯುವ ದಾರಿಗೆ ಹತ್ತಿರವಿದ್ದಷ್ಟೂ ಧೂಳು ಹೆಚ್ಚು ಕೂರುತ್ತದೆ, ಅದನ್ನು ಒರೆಸುವ ಪ್ರತಿ ಸಲವೂ ಮೇಲ್ಮೈ ಸ್ವಲ್ಪ ಸವೆಯುತ್ತದೆ. ಇಯೊಲಾನಿಯಲ್ಲಿ ಚಪ್ಪಲಿಯ ಮೇಲೆ ಬಟ್ಟೆಯ ಚೀಲ ತೊಡಿಸುವುದು, ಪದ್ಮನಾಭಪುರಂ ಅರಮನೆಯಲ್ಲಿ ಬರಿಗಾಲಿನಲ್ಲಿ ನಡೆಯಬೇಕಾಗಿರುವುದು ನೆಲದ ರಕ್ಷಣೆಗೆ ಒಳ್ಳೆಯದು. ಪದ್ಮನಾಭಪುರಂನ ಆ ಕಪ್ಪು ನೆಲದ ನುಣುಪನ್ನು ಪಾದದಿಂದಲೇ ತಿಳಿಯಬೇಕು. ಮುಟ್ಟಬಾರದೆಂಬ ನಿಯಮಗಳ ನಡುವೆ ಅರಮನೆಯೊಂದನ್ನು ಮುಟ್ಟಲು ಅಧಿಕೃತವಾಗಿ ಸಿಗುವ ಅವಕಾಶ ಅದು.

ಪಯಣಪ್ರಿಯ

ಫೋಟೋ ತೆಗೆಯುವಾಗ ಫ್ಲ್ಯಾಷ್ ಹಾಕಬಾರದೆನ್ನುವುದೂ ಇದೇ ಕಾರಣಕ್ಕೋ?

ಸಂರಕ್ಷಣೆಯ ಕೆಲಸದವಳು

ಹೌದು, ಆದರೆ ಕ್ಷಣಮಾತ್ರದ ಫ್ಲ್ಯಾಷ್‌ಗಿಂತ ದಿನವಿಡೀ ಬೀಳುವ ಬೆಳಕೇ ಹೆಚ್ಚು ಅಪಾಯಕಾರಿ. ಫ್ಲ್ಯಾಷ್ ಮುಖ್ಯವಾಗಿ ಪಕ್ಕದವರ ಏಕಾಗ್ರತೆಯನ್ನು ಕೆಡಿಸುತ್ತದೆ. ಚಿತ್ರ ತೆಗೆಯುವ ಆತುರದಲ್ಲಿ ಹಿಂದೆ ಹೆಜ್ಜೆಯಿಟ್ಟು ಪ್ರತಿಮೆಗೆ ತಗಲುವವರನ್ನು ಕಂಡರೆ ನನಗೆ ಹೆಚ್ಚು ಭಯವಾಗುತ್ತದೆ.

ಕಲ್ಲುಕಂಬ

ಇಲ್ಲಿಯವರೆಗೆ ಯಾರೂ ಬೆಂಕಿಯ ಅಪಾಯದ ಬಗ್ಗೆ ಬರೆಯಲಿಲ್ಲ. ವಾಸದ ಮನೆಯನ್ನು ಮ್ಯೂಸಿಯಂ ಮಾಡಿದಾಗ, ಅದು ಹೊರಬೇಕೆಂದು ಯಾರೂ ಯೋಚಿಸಿರದ ವಿದ್ಯುತ್ ತಂತಿ, ದೀಪ, ಹವಾನಿಯಂತ್ರಣ ಯಂತ್ರಗಳ ಭಾರ ಅದರ ಮೇಲೆ ಬೀಳುತ್ತದೆ. ಬ್ರೆಜಿಲಿನ ರಾಷ್ಟ್ರೀಯ ಮ್ಯೂಸಿಯಂ ಇದ್ದದ್ದು ಅಲ್ಲಿನ ಚಕ್ರವರ್ತಿಗಳು ವಾಸವಾಗಿದ್ದ ಅರಮನೆಯಲ್ಲಿಯೇ. 2018ರ ಸೆಪ್ಟೆಂಬರ್ 2ರ ರಾತ್ರಿ ಅದು ಉರಿದುಹೋಯಿತು. ಹವಾನಿಯಂತ್ರಣ ಯಂತ್ರದಿಂದ ಬೆಂಕಿ ಶುರುವಾಯಿತೆಂದು ತನಿಖೆಯಲ್ಲಿ ಕಂಡುಬಂತು. 200 ವರ್ಷ ಕೂಡಿಟ್ಟ ಸಂಗ್ರಹದ ಬಹುಪಾಲು ಬೂದಿಯಾಯಿತು. ಬಾಗಿಲಿನ ಬಳಿ ಇಟ್ಟಿದ್ದ ದೊಡ್ಡ ಉಲ್ಕಾಶಿಲೆ ಮಾತ್ರ ಇದ್ದಲ್ಲಿಯೇ ನಿಂತಿತ್ತು. ಆ ಚಿತ್ರವನ್ನು ನೋಡಿದ ದಿನ ನನಗೆ ಊಟ ಸೇರಲಿಲ್ಲ.

ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ಮದುವೆಯ ಸಂದರ್ಭದಲ್ಲಿ ಸುಟ್ಟುಹೋದದ್ದು ಇಲ್ಲಿ ಎಲ್ಲರಿಗೂ ಗೊತ್ತಿದೆ. 1912ರಲ್ಲಿ ಮುಗಿದ ಈಗಿನ ಕಟ್ಟಡದ ಕಲ್ಯಾಣಮಂಟಪದಲ್ಲಿ ಗ್ಲಾಸ್ಗೋದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳನ್ನು ನೋಡುವಾಗ, ಅವುಗಳ ನವಿಲಿನ ಬಣ್ಣದ ಚೆಲುವಿನ ಜೊತೆಗೆ ಆ ಹಳೆಯ ಬೆಂಕಿಯೂ ನೆನಪಿರಬೇಕು. ಬೀಜಿಂಗ್‌ನ ಅಂಗಳಗಳಲ್ಲಿ ನಿಂತಿರುವ ದೊಡ್ಡ ಲೋಹದ ಕೊಪ್ಪರಿಗೆಗಳು ಕೂಡ ಅಲಂಕಾರಕ್ಕೆ ಇಟ್ಟವಲ್ಲ. ಬೆಂಕಿ ಆರಿಸುವ ನೀರಿಗಾಗಿ ಇಟ್ಟವು, ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟದಂತೆ ಅವುಗಳ ಕೆಳಗೆ ಕೆಂಡವಿಡುತ್ತಿದ್ದರು. ಈ ಕೊಪ್ಪರಿಗೆಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರಲ್ಲಿ ಎಷ್ಟು ಜನ ಅವು ಯಾತಕ್ಕೆ ಎಂದು ಕೇಳುತ್ತಾರೆ?

ನಿಧಾನಯಾತ್ರಿ

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ಇಸ್ತಾಂಬುಲ್‌ನ ಇನ್ನೊಂದು ಅರಮನೆ ದೋಲ್ಮಾಬಾಹ್ಚೆ 1856ರಲ್ಲಿ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲು ಉಸ್ಮಾನಿ (ಒಟ್ಟೋಮನ್) ಸಾಮ್ರಾಜ್ಯ ತನ್ನ ಮೊದಲ ವಿದೇಶೀ ಸಾಲ ಎತ್ತಿತ್ತು. 1875ರ ಹೊತ್ತಿಗೆ ಸಾಲ ತೀರಿಸಲಾಗದ ಸ್ಥಿತಿಗೆ ಬಂತು. ಸಾಲಕ್ಕೆ ಯುದ್ಧವೇ ಮುಖ್ಯ ಕಾರಣವಾದರೂ, ಆ ದೀಪಗೊಂಚಲುಗಳ ಕೆಳಗೆ ನಿಂತಾಗ ಈ ಲೆಕ್ಕ ನನ್ನ ತಲೆಯಿಂದ ಹೋಗಲಿಲ್ಲ. ಅದೇ ಅರಮನೆಯ ಒಂದು ಕೋಣೆಯಲ್ಲಿ ಟರ್ಕಿ ಗಣರಾಜ್ಯವನ್ನು ಸ್ಥಾಪಿಸಿದ ಅತಾತುರ್ಕ್ 1938ರ ನವೆಂಬರ್ 10ರಂದು ತೀರಿಕೊಂಡರು. ಅಲ್ಲಿನ ಗಡಿಯಾರ ಒಂಬತ್ತು ಗಂಟೆ ಐದು ನಿಮಿಷ ತೋರಿಸುತ್ತದೆ.

ಇತಿಹಾಸಾಸಕ್ತ

ಹೋಗುವವರಿಗೆ ಒಂದು ಉಪಯುಕ್ತ ಮಾತು: ರಜೆಯ ದಿನವನ್ನು ನೋಡಿಕೊಂಡು ಹೊರಡಿ. ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ವರ್ಸೇಲ್ಸ್ ಸೋಮವಾರ. ಹೀಗಾಗಿ ಮಂಗಳವಾರ ಪ್ಯಾರಿಸ್ಸಿನ ಪ್ರವಾಸಿಗರು ಬಹಳ ಮಂದಿ ವರ್ಸೇಲ್ಸ್ ಕಡೆಗೇ ತಿರುಗುತ್ತಾರೆ. ಒಳಗೆ ಹೋಗುವ ಮೊದಲು ಕಟ್ಟಡದ ಸುತ್ತ ಒಮ್ಮೆ ನಡೆದು ಬನ್ನಿ. ಸೂರ್ಯ ಯಾವ ಕಡೆ ಇದ್ದಾನೆ, ಹೊಗೆಗೂಡುಗಳು ಎಲ್ಲಿವೆ, ಚಿಕ್ಕ ಕಿಟಕಿಗಳು ಯಾವ ಅಂತಸ್ತಿನಲ್ಲಿವೆ ಎಂದು ಗೊತ್ತಾದರೆ ಒಳಗೆ ದಿಕ್ಕು ತಪ್ಪುವುದಿಲ್ಲ.

ಮೊಗಸಾಲೆ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನಿನ್ನೆ ತಮ್ಮನ ಮಗನನ್ನು ಕರೆದುಕೊಂಡು ಅದೇ ಅರಮನೆಗೆ ಮತ್ತೊಮ್ಮೆ ಹೋಗಿ ಬಂದೆ. ಈ ಸಲ ಆಯುಧಗಳ ಸಭಾಂಗಣಕ್ಕೆ ಕಾಲಿಡಲಿಲ್ಲ. ಮೊದಲು ಹೊರಗಿನಿಂದ ಸುತ್ತು ಹಾಕಿದೆವು. ಹಿಂಬದಿಯಲ್ಲಿ ಒಂದು ಎತ್ತರದ ಹೊಗೆಗೂಡನ್ನು ಅವನೇ ಮೊದಲು ಕಂಡುಹಿಡಿದ. ಒಳಗೆ ಹೋಗಿ ಅದರ ದಿಕ್ಕಿನಲ್ಲಿ ನಡೆದಾಗ ಒಂದು ಕಿರಿದಾದ ಮೆಟ್ಟಿಲುಸಾಲು ಸಿಕ್ಕಿತು. ದೊಡ್ಡ ಮೆಟ್ಟಿಲುಗಳ ಅಮೃತಶಿಲೆ ಸವೆದೇ ಇಲ್ಲ. ಈ ಕಿರಿದಾದ ಕಲ್ಲುಮೆಟ್ಟಿಲುಗಳ ನಡುಭಾಗ ಬಟ್ಟಲಿನಂತೆ ತಗ್ಗಾಗಿತ್ತು. ಅವನು ಬಗ್ಗಿ ಆ ತಗ್ಗಿನಲ್ಲಿ ಅಂಗೈ ಇಟ್ಟು ಬಹಳ ಹೊತ್ತು ಕುಳಿತಿದ್ದ. ಕಾವಲುಗಾರರು ನೋಡಿದರು, ಏನೂ ಹೇಳಲಿಲ್ಲ.

ಮಲಗುವ ಕೋಣೆ ಯಾವುದೆಂದು ಅವರನ್ನೇ ಕೇಳಿದಾಗ ತೋರಿಸಿದರು. ಹೋದ ಸಲ ನಾನು ಅಲ್ಲಿ ಪಿಂಗಾಣಿ ನೋಡಿಕೊಂಡು ಹೋಗಿದ್ದೆ. ಅಲ್ಲಿಂದ ಅಂತಃಪುರಕ್ಕೆ ಹೋಗುವ ಬಾಗಿಲಿನಲ್ಲಿ ದಾರಂದ ಅವರ ಮಾತು ನೆನಪಾಗಿ ಅಗುಳಿಯನ್ನು ಹುಡುಕಿದೆವು. ಅದು ಹೊರಬದಿಯಲ್ಲಿತ್ತು. "ಹಾಗಾದರೆ ಅವರನ್ನು ಒಳಗೆ ಹಾಕಿ ಬೀಗ ಹಾಕುತ್ತಿದ್ದರಾ?" ಎಂದು ಹುಡುಗ ಕೇಳಿದ. ದಾರಿಯುದ್ದಕ್ಕೂ ಅದನ್ನೇ ಮಾತನಾಡಿಕೊಂಡು ಬಂದೆವು.

ದಾರಂದ

ಮೊಗಸಾಲೆಯವರೇ, ಓದಿ ಬಹಳ ಸಂತೋಷವಾಯಿತು, ಆದರೆ ನನ್ನ ಮಾತನ್ನೇ ನಾನು ಸ್ವಲ್ಪ ತಿದ್ದಬೇಕು. ಮ್ಯೂಸಿಯಂ ಆದಮೇಲೆ ಕಾವಲಿನ ಅನುಕೂಲಕ್ಕೆ ಹೊರಗಿನಿಂದ ಹೊಸ ಅಗುಳಿ ಹಾಕಿರುವುದೂ ಉಂಟು. ಹಳೆಯ ಅಗುಳಿಯನ್ನು ತೆಗೆದಿದ್ದರೆ ಬಾಗಿಲಿನ ಚೌಕಟ್ಟಿನಲ್ಲಿ ಅದು ಕೂರುತ್ತಿದ್ದ ತೂತು ಉಳಿದಿರುತ್ತದೆ, ಇಲ್ಲವೇ ಅದನ್ನು ಮರದ ತುಂಡಿನಿಂದ ಮುಚ್ಚಿದ ಗುರುತಿರುತ್ತದೆ. ಒಳಬದಿಯಲ್ಲಿ ಅಂಥ ಗುರುತಿತ್ತೇ?

ಮೊಗಸಾಲೆ

ನೋಡಲಿಲ್ಲ. ತಮ್ಮನ ಮಗನಿಗೆ ಹೇಳಿದ್ದೇನೆ, ಬರುವ ಭಾನುವಾರ ಟಾರ್ಚ್ ಹಿಡಿದುಕೊಂಡು ಹೋಗುತ್ತಿದ್ದೇವೆ.